ಕೆಜಿಎಫ್ ದೂಳಿನಲ್ಲಿ ಕಪ್ಪು ಕಾರು: ವ್ಯಾಕ್ಸೋ, ಸೀಲಂಟೋ?

ಕಪ್ಪು ಕಾರಿನ ಹೊಳಪು ಕಪ್ಪು ಬಣ್ಣದಿಂದ ಬರುವುದಲ್ಲ. ಬಾನೆಟ್ಟಿನ ತಗಡಿನ ಮೇಲೆ ಮೊದಲು ತುಕ್ಕು ತಡೆಯುವ ಪದರ, ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣವಿರುವ ಬೇಸ್ ಕೋಟ್, ಎಲ್ಲಕ್ಕೂ ಮೇಲೆ ಬಣ್ಣವೇ ಇಲ್ಲದ ಕ್ಲಿಯರ್ ಕೋಟ್ ಇರುತ್ತದೆ. ಈ ನಾಲ್ಕೂ ಸೇರಿ ಸುಮಾರು 100ರಿಂದ 140 ಮೈಕ್ರಾನ್ ದಪ್ಪ. ಅದರಲ್ಲಿ ಕ್ಲಿಯರ್ ಕೋಟಿನ ಪಾಲು 40-50 ಮೈಕ್ರಾನ್, ಎಂದರೆ ಸಾಮಾನ್ಯ ತಲೆಗೂದಲಿಗಿಂತ ತೆಳು. ಹೊಳೆಯುವುದೂ ಈ ಪದರವೇ, ಗೀರು ಬೀಳುವುದೂ ಇದರ ಮೇಲೆಯೇ. ಬಿಸಿಲಿನ ಅತಿನೇರಳೆ ಕಿರಣಗಳನ್ನು ಹೀರಿಕೊಳ್ಳುವ ರಾಸಾಯನಿಕಗಳನ್ನು ಕಾರ್ಖಾನೆಯಲ್ಲಿ ಬೆರೆಸಿರುವುದೂ ಇದಕ್ಕೇ. ಅಂಗಡಿಯಲ್ಲಿ ಸಿಗುವ ವ್ಯಾಕ್ಸ್ ಆಗಲಿ ಸೀಲಂಟ್ ಆಗಲಿ ಕೂರುವುದು ಕ್ಲಿಯರ್ ಕೋಟಿನ ಮೇಲೆ, ಅದೂ ಒಂದು ಮೈಕ್ರಾನಿಗಿಂತ ತೆಳ್ಳಗೆ. ಇಷ್ಟು ತೆಳುವಾದ ಪದರ ಬಿಸಿಲಿನಿಂದ ಬಣ್ಣವನ್ನು ಕಾಪಾಡುತ್ತದೆ ಎಂದು ಡಬ್ಬಿಯ ಮೇಲೆ ಬರೆದಿದ್ದರೆ ಅದನ್ನು ಜಾಹೀರಾತು ಎಂದುಕೊಂಡು ಸುಮ್ಮನಾಗಬಹುದು.

ವ್ಯಾಕ್ಸಿಗೆ ಇಷ್ಟು ಹೆಸರು ಬಂದದ್ದು ಕ್ಲಿಯರ್ ಕೋಟ್ ಇಲ್ಲದ ಕಾಲದಲ್ಲಿ. ಅಂಬಾಸಿಡರ್, ಪದ್ಮಿನಿ ಕಾರುಗಳಲ್ಲಿ ಬಣ್ಣವೇ ಮೇಲಿನ ಪದರವಾಗಿತ್ತು. ಗಾಳಿ ಬಿಸಿಲಿಗೆ ಅದು ಸುಣ್ಣದ ಪುಡಿಯಂತಾಗುತ್ತಿತ್ತು, ಪಾಲಿಶ್ ಹೊಡೆದರೆ ಬಟ್ಟೆಗೇ ಬಣ್ಣ ಹತ್ತುತ್ತಿತ್ತು. ಹಾಗೆ ಒಣಗಿದ ಬಣ್ಣಕ್ಕೆ ಎಣ್ಣೆ ಮತ್ತು ಮೇಣ ಕುಡಿಸಿದರೆ ಎದ್ದು ಕಾಣುವಷ್ಟು ಗುಣವಾಗುತ್ತಿತ್ತು. ಇಂದಿನ ಕಾರಿನಲ್ಲಿ ವ್ಯಾಕ್ಸ್ ಪದರದ ಕೆಲಸ ಬೇರೆ: ನೀರು ನಿಲ್ಲದಂತೆ, ಕೊಳೆ ಅಂಟದಂತೆ ಮಾಡುವುದು, ಮತ್ತು ಹಕ್ಕಿ ಹಿಕ್ಕೆಯಂಥ ವಸ್ತುವಿಗೆ ಕ್ಲಿಯರ್ ಕೋಟಿನ ಬದಲು ತಾನು ಬಲಿಯಾಗುವುದು.

ಗಾಢ ಬಣ್ಣದ ಕಾರಿನಲ್ಲಿ ಗೀರುಗಳು ಎದ್ದು ಕಾಣಲು ಕಾರಣ ಬೆಳಕಿನಲ್ಲಿದೆ. ಬಿಳಿ ಬಣ್ಣ ತನ್ನ ಮೇಲೆ ಬಿದ್ದ ಬೆಳಕನ್ನು ಎಲ್ಲ ದಿಕ್ಕಿಗೂ ಚೆದುರಿಸುತ್ತದೆ. ಗೀರು ಚೆದುರಿಸುವ ಒಂದಿಷ್ಟು ಬೆಳಕು ಆ ದೊಡ್ಡ ಬೆಳಕಿನಲ್ಲಿ ಕರಗಿಹೋಗುತ್ತದೆ. ಕಪ್ಪು ಬೇಸ್ ಕೋಟ್ ಬಹುಪಾಲು ಬೆಳಕನ್ನು ನುಂಗುತ್ತದೆ. ಕಣ್ಣಿಗೆ ಮರಳುವುದು ಕ್ಲಿಯರ್ ಕೋಟಿನ ಮೇಲ್ಮೈ ಕನ್ನಡಿಯಂತೆ ಪ್ರತಿಫಲಿಸುವ ಬೆಳಕು ಮಾತ್ರ, ನೇರವಾಗಿ ನೋಡಿದಾಗ ಅದು ನೂರರಲ್ಲಿ ಸುಮಾರು 4 ಪಾಲು. ಆ ಕತ್ತಲ ಹಿನ್ನೆಲೆಯಲ್ಲಿ ಒಂದೊಂದು ಸಣ್ಣ ಗೀರೂ ಸ್ಲೇಟಿನ ಮೇಲಿನ ಬಳಪದ ಗೆರೆಯ ಹಾಗೆ ಕಾಣುತ್ತದೆ. ಬಿಸಿಲಿನಲ್ಲಿ ಸೂರ್ಯನ ಪ್ರತಿಬಿಂಬದ ಸುತ್ತ ಜೇಡರ ಬಲೆಯಂತೆ ತೋರುವ ವೃತ್ತಗಳಿಗೂ ಇದೇ ಮೂಲ. ಗೀರುಗಳು ವಾಸ್ತವದಲ್ಲಿ ವೃತ್ತಾಕಾರವಾಗಿ ಬಿದ್ದಿರಬೇಕಿಲ್ಲ. ಎಲ್ಲ ದಿಕ್ಕಿಗೂ ಬಿದ್ದಿರುವ ಗೀರುಗಳಲ್ಲಿ ಬೆಳಕಿಗೆ ಅಡ್ಡಲಾಗಿರುವವು ಮಾತ್ರ ಮಿನುಗುತ್ತವೆ, ಅವು ಕೂಡಿ ವೃತ್ತದ ಭ್ರಮೆ ಹುಟ್ಟಿಸುತ್ತವೆ. ನೋಡುವವರು ಸರಿದಂತೆ ವೃತ್ತವೂ ಜೊತೆಗೆ ಸರಿಯುತ್ತದೆ.

ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿ ಈ ಗೀರುಗಳಿಗೆ ಬೇಕಾದ ಸಾಮಗ್ರಿ ಗಾಳಿಯಲ್ಲೇ ಇದೆ. ಇಲ್ಲಿಯ ಚಿನ್ನ ಬೆಣಚುಕಲ್ಲಿನ ಎಳೆಗಳಲ್ಲಿ ಕೂತಿತ್ತು. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದಾಗಿನಿಂದ 2001ರ ಫೆಬ್ರವರಿ 28ರಂದು ಗಣಿ ಮುಚ್ಚುವವರೆಗೆ ಆ ಕಲ್ಲನ್ನು ಹಿಟ್ಟಿನಂತೆ ಅರೆದು, ಮುಂದೆ ಸೈನೈಡ್ ದ್ರಾವಣದಲ್ಲೂ ಚಿನ್ನ ಕರಗಿಸಿ ತೆಗೆದು, ಉಳಿದ ಪುಡಿಯನ್ನು ಊರ ಪಕ್ಕ ಸುರಿಯುತ್ತ ಬಂದದ್ದೇ ಇಂದಿನ ಸೈನೈಡ್ ದಿಬ್ಬಗಳು. ನೈಋತ್ಯ ಮುಂಗಾರಿನ ತಿಂಗಳುಗಳಲ್ಲಿ ಇಲ್ಲಿ ಮಳೆಗಿಂತ ಗಾಳಿ ಜಾಸ್ತಿ. ದಿಬ್ಬದ ಪುಡಿ ಆಗ ಮನೆ ಮಾಳಿಗೆ, ಕಿಟಕಿ, ಕಾರು ಎನ್ನದೆ ಎಲ್ಲದರ ಮೇಲೂ ಕೂರುತ್ತದೆ. ಖನಿಜಗಳ ಗಡಸುತನವನ್ನು ಅಳೆಯುವ ಮೋಹ್ಸ್ ಪಟ್ಟಿಯಲ್ಲಿ ಬೆಣಚಿನ ಸ್ಥಾನ 7. ಚಾಕುವಿನ ಉಕ್ಕು, ಕಿಟಕಿಯ ಗಾಜು ಎರಡೂ ಅದಕ್ಕಿಂತ ಕೆಳಗೆ. ಗಾಜನ್ನೇ ಗೀರುವ ಪುಡಿ ಪ್ಲಾಸ್ಟಿಕ್ ಜಾತಿಯ ಕ್ಲಿಯರ್ ಕೋಟನ್ನು ಬಿಡುವುದುಂಟೇ? ಆದರೆ ದೂಳು ಸುಮ್ಮನೆ ಕೂತಿದ್ದರೆ ಅಪಾಯವಿಲ್ಲ. ಬೆಳಿಗ್ಗೆ ಎದ್ದು ಒಣಬಟ್ಟೆಯಿಂದ ಅದನ್ನು ಒರೆಸಿದಾಗಲೇ ಗೀರು ಬೀಳುವುದು. ವ್ಯಾಕ್ಸ್, ಸೀಲಂಟ್ ಎರಡೂ ಮೇಲ್ಮೈಯನ್ನು ನುಣುಪುಗೊಳಿಸಿ ದೂಳು ಸಲೀಸಾಗಿ ಜಾರುವಂತೆ ಮಾಡಬಲ್ಲವೇ ಹೊರತು ಬೆಣಚಿಗೆ ಎದುರು ನಿಲ್ಲಲಾರವು.

ಎರಡನೆಯ ಸಂಗತಿ ಶಾಖ. ಬೆಂಗಳೂರಿಗೆ ರೈಲು ಹಿಡಿಯುವವರು ಬಂಗಾರಪೇಟೆ ಜಂಕ್ಷನ್ನಿನ ಹೊರಗೆ ಬೆಳಿಗ್ಗೆ ಬಿಟ್ಟುಹೋದ ಕಪ್ಪು ಕಾರು ಸಂಜೆಯವರೆಗೂ ಬಿಸಿಲಲ್ಲೇ ನಿಂತಿರುತ್ತದೆ. ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದವರು ಒಂದೇ ಮಾದರಿಯ ಕಪ್ಪು ಮತ್ತು ಬೆಳ್ಳಿ ಬಣ್ಣದ ಕಾರುಗಳನ್ನು ಬಿಸಿಲಿಗೆ ಒಡ್ಡಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಪ್ಪು ಕಾರಿನ ಮೇಲ್ಛಾವಣಿ ಮತ್ತೊಂದಕ್ಕಿಂತ 25 ಡಿಗ್ರಿಯಷ್ಟು ಹೆಚ್ಚು ಕಾದಿತ್ತು. ಬೇಸಿಗೆಯ ನಡುಹಗಲಲ್ಲಿ ಕಪ್ಪು ತಗಡು 70 ಡಿಗ್ರಿ ಸೆಲ್ಸಿಯಸ್ ದಾಟುವುದು ಅಪರೂಪವಲ್ಲ.

ವ್ಯಾಕ್ಸ್ ಮತ್ತು ಸೀಲಂಟ್ ನಡುವಿನ ಆಯ್ಕೆಗೆ ಈ ಅಂಕಿ ಮುಖ್ಯ. ಒಳ್ಳೆಯ ವ್ಯಾಕ್ಸಿನ ಜೀವಾಳವಾದ ಕಾರ್ನೌಬಾ, ಈಶಾನ್ಯ ಬ್ರೆಜಿಲಿನ ಒಂದು ತಾಳೆ ಜಾತಿಯ ಮರದ ಎಲೆಗಳಿಂದ ಸಿಗುವ ಮೇಣ. ಅದೂ ಮಳೆ ಕಡಿಮೆಯ ಸೀಮೆಯೇ. ಎಲೆಯ ನೀರು ಆರದಿರಲೆಂದು ಮರ ತಾನೇ ಈ ಮೇಣವನ್ನು ಹೊದ್ದುಕೊಳ್ಳುತ್ತದೆ. ಅದು ಕರಗುವುದು 82ರಿಂದ 86 ಡಿಗ್ರಿಯಲ್ಲಿ, ಸಸ್ಯಮೇಣಗಳಲ್ಲಿ ಅತ್ಯಂತ ಗಟ್ಟಿಯಾದವುಗಳ ಪೈಕಿ ಒಂದು. ಶುದ್ಧ ಕಾರ್ನೌಬಾವನ್ನು ಬೆರಳಲ್ಲಿ ತೀಡಿ ಕಾರಿಗೆ ಹಚ್ಚುವುದು ಸಾಧ್ಯವಿಲ್ಲ. ಹಾಗಾಗಿ ಡಬ್ಬಿಯೊಳಗಿನ ವ್ಯಾಕ್ಸಿನಲ್ಲಿ ದ್ರಾವಕ, ಎಣ್ಣೆ, ಮೃದುವಾದ ಬೇರೆ ಮೇಣಗಳೂ ಇರುತ್ತವೆ. ಜೇನುಮೇಣ 62-64 ಡಿಗ್ರಿಗೇ ಕರಗುತ್ತದೆ, ಪ್ಯಾರಾಫಿನ್ ಸಾಮಾನ್ಯವಾಗಿ ಅದಕ್ಕೂ ಮೊದಲೇ. ಕಾದ ಕಪ್ಪು ಬಾನೆಟ್ಟಿನ ಮೇಲೆ ಇಂಥ ಮಿಶ್ರಣ ಮೆತ್ತಗಾಗುತ್ತದೆ, ದೂಳು ಹಿಡಿಯುತ್ತದೆ, ಬೇಗ ಸವೆಯುತ್ತದೆ. ನೆರಳಲ್ಲಿ ನಿಲ್ಲುವ ಕಾರಿನ ಮೇಲೆ ಎರಡು ತಿಂಗಳು ಬರುವ ವ್ಯಾಕ್ಸ್ ಇಲ್ಲಿಯ ಬೇಸಿಗೆಯಲ್ಲಿ ತಿಂಗಳು ಬಂದರೆ ಹೆಚ್ಚು. ಅದರ ಗುಣವೊಂದನ್ನು ಮಾತ್ರ ಒಪ್ಪಲೇಬೇಕು: ಎಣ್ಣೆ ಮತ್ತು ಮೇಣ ಸಣ್ಣ ಗೀರುಗಳ ಒಳಗೆ ತುಂಬಿಕೊಳ್ಳುತ್ತವೆ. ಮೇಣದ ವಕ್ರೀಭವನ ಸೂಚ್ಯಂಕ ಕ್ಲಿಯರ್ ಕೋಟಿನದಕ್ಕೆ ಹತ್ತಿರವಿರುವುದರಿಂದ ಬೆಳಕು ಚೆದುರುವುದು ಕಡಿಮೆಯಾಗಿ ಕಪ್ಪು ಇನ್ನಷ್ಟು ಆಳವಾಗಿ ಕಾಣುತ್ತದೆ. ಮದುವೆಯ ಮೆರವಣಿಗೆಗೋ ಮಾರಾಟಕ್ಕೋ ಕಾರು ಸಿದ್ಧಪಡಿಸುವವರಿಗೆ ಇದಕ್ಕಿಂತ ಒಳ್ಳೆಯದಿಲ್ಲ.

ಸೀಲಂಟ್ ಕಾರ್ಖಾನೆಯಲ್ಲಿ ತಯಾರಾದ ಪಾಲಿಮರ್, ಸಾಮಾನ್ಯವಾಗಿ ಸಿಲಿಕೋನ್ ವರ್ಗದ್ದು. ಅದರ ಉದ್ದನೆಯ ಅಣುಸರಪಳಿಗಳ ಪಕ್ಕದಲ್ಲಿ ಅಮೈನೋ ಗುಂಪುಗಳಿರುತ್ತವೆ. ಅವು ಕ್ಲಿಯರ್ ಕೋಟಿನ ಮೇಲ್ಮೈಯನ್ನು ಹಿಡಿದುಕೊಳ್ಳುತ್ತವೆ, ಗಾಳಿಯ ತೇವ ತಗುಲಿದಂತೆ ಸರಪಳಿಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಹೀಗೆ ಗಟ್ಟಿಯಾಗಲು ಅರ್ಧ ದಿನದಿಂದ ಒಂದು ದಿನ ಬೇಕು, ಅಷ್ಟರೊಳಗೆ ನೀರು ಬೀಳಬಾರದು. ಹೆಣೆದುಕೊಂಡ ಪಾಲಿಮರ್ 70 ಡಿಗ್ರಿಗೆ ಕರಗುವುದಿಲ್ಲ, ಶಾಂಪೂವಿಗೂ ಸುಲಭವಾಗಿ ಬಿಡುವುದಿಲ್ಲ. ನಾಲ್ಕರಿಂದ ಆರು ತಿಂಗಳು ಬಾಳುತ್ತದೆ. ನೋಟದಲ್ಲಿ ಅದು ವ್ಯಾಕ್ಸಿನಷ್ಟು ಸ್ನಿಗ್ಧವಲ್ಲ, ಗಾಜಿನಂಥ ಚುರುಕು ಹೊಳಪು. ಗೀರು ಮುಚ್ಚುವುದರಲ್ಲೂ ಹಿಂದೆ. ದಿನವಿಡೀ ಬಿಸಿಲಲ್ಲಿ ನಿಲ್ಲುವ, ದಿಬ್ಬದ ಗಾಳಿಗೆ ಒಡ್ಡಿಕೊಳ್ಳುವ ಕಾರಿಗೆ ಸೀಲಂಟೇ ಸರಿ ಎನ್ನಲು ಹೆಚ್ಚು ಯೋಚಿಸಬೇಕಾಗಿಲ್ಲ. ಎರಡೂ ಬೇಕೆನ್ನುವವರು ಸೀಲಂಟ್ ಮೊದಲು ಹಚ್ಚಿ, ಗಟ್ಟಿಯಾದ ಮೇಲೆ ವ್ಯಾಕ್ಸ್ ಹಾಕಬೇಕು. ತಿರುವುಮುರುವಾದರೆ ಸೀಲಂಟಿಗೆ ಹಿಡಿಯಲು ಕ್ಲಿಯರ್ ಕೋಟೇ ಸಿಗದೆ, ವ್ಯಾಕ್ಸಿನ ಜೊತೆ ಅದೂ ಎದ್ದುಹೋಗುತ್ತದೆ.

ನೀರಿನ ವಿಷಯದಲ್ಲಿ ಮಾತ್ರ ಲೆಕ್ಕ ಸ್ವಲ್ಪ ತೊಡಕು. ಕೋಲಾರ ಜಿಲ್ಲೆಗೆ ವರ್ಷವಿಡೀ ಹರಿಯುವ ನದಿಯಿಲ್ಲ. ಕಾರು ತೊಳೆಯುವ ನೀರು ಬಹುತೇಕ ಸಾವಿರ ಅಡಿ ಮುಟ್ಟಿದ ಕೊಳವೆಬಾವಿಗಳದು, ಗಡಸು ನೀರು. ಕುಡಿಯುವ ನೀರಿನ ಭಾರತೀಯ ಮಾನಕ ಲೀಟರಿಗೆ 200 ಮಿಲಿಗ್ರಾಂ ಗಡಸುತನವನ್ನು ಸೂಕ್ತವೆನ್ನುತ್ತದೆ, ಬೇರೆ ದಾರಿಯಿಲ್ಲದಿದ್ದರೆ 600ರವರೆಗೆ ಒಪ್ಪುತ್ತದೆ. ನೀರು ಆವಿಯಾದಾಗ ಆ ಸುಣ್ಣವೆಲ್ಲ ಕಾರಿನ ಮೇಲೆ ಉಳಿಯುತ್ತದೆ. ವ್ಯಾಕ್ಸ್ ಅಥವಾ ಸೀಲಂಟ್ ಹಚ್ಚಿದ ಮೇಲೆ ನೀರು ಮುತ್ತಿನಂತೆ ಗುಂಡಗೆ ನಿಲ್ಲುವುದನ್ನು ಜಾಹೀರಾತುಗಳು ದೊಡ್ಡ ಸಾಧನೆಯಂತೆ ತೋರಿಸುತ್ತವೆ. ಗಡಸು ನೀರಿನ ಊರಲ್ಲಿ ಆ ಒಂದೊಂದು ಮುತ್ತೂ ಆರಿ, ಕಪ್ಪಿನ ಮೇಲೆ ಒಂದೊಂದು ಬಿಳಿ ಉಂಗುರ ಬಿಡುತ್ತದೆ. ಹನಿ ಮಸೂರದಂತೆ ಬಿಸಿಲು ಕೂಡಿಸಿ ಬಣ್ಣ ಸುಡುತ್ತದೆ ಎಂಬ ಮಾತು ಬಳಕೆಯಲ್ಲಿದ್ದರೂ ಕಲೆಗೆ ಕಾರಣ ಉಪ್ಪುಗಳೇ. ಆದ್ದರಿಂದ ಕಪ್ಪು ಕಾರಿಗೆ, ನೀರನ್ನು ಮುತ್ತಾಗಿ ನಿಲ್ಲಿಸುವುದಕ್ಕಿಂತ ಹಾಳೆಯಂತೆ ಜಾರಿಸಿಬಿಡುವ ಸೀಲಂಟ್ ಹೆಚ್ಚು ಉಪಯುಕ್ತ. ಯಾವುದೇ ಆಗಲಿ, ತೊಳೆದ ಕೂಡಲೇ ಒರೆಸುವುದು ತಪ್ಪುವುದಿಲ್ಲ. ಕೊನೆಯ ಸಲ ಮಳೆನೀರನ್ನೋ ಶುದ್ಧ ನೀರಿನ ಘಟಕದ ಒಂದು ಕ್ಯಾನ್ ನೀರನ್ನೋ ಸುರಿದರೆ ಉಂಗುರಗಳು ಬಹಳ ಕಡಿಮೆಯಾಗುತ್ತವೆ. ಘಟಕದಿಂದ ಹೊರಬೀಳುವ ತ್ಯಾಜ್ಯ ನೀರು ಪುಕ್ಕಟೆ ಸಿಗುತ್ತದೆಂದು ಕಾರಿಗೆ ಹಾಕುವವರಿದ್ದಾರೆ. ಶೋಧಕದ ಪರದೆ ತಡೆದ ಉಪ್ಪೆಲ್ಲ ಸೇರಿರುವುದು ಅದರಲ್ಲೇ; ಕೊಳವೆಬಾವಿಯ ನೀರಿಗಿಂತ ಅದು ಕೆಟ್ಟದು. ಹೊಸ ಬಿಳಿ ಕಲೆಗೆ ನೀರು ಬೆರೆಸಿದ ವಿನೆಗರ್ ಸಾಕು. ಹಳತಾದ ಕಲೆ ಕ್ಲಿಯರ್ ಕೋಟನ್ನು ಕೊರೆದಿದ್ದರೆ ಪಾಲಿಶ್ ಮಾಡದೆ ಗತ್ಯಂತರವಿಲ್ಲ.

ಷೋರೂಮುಗಳಲ್ಲಿ ಮಾರುವ ಟೆಫ್ಲಾನ್ ಮತ್ತು ಸೆರಾಮಿಕ್ ಕೋಟಿಂಗುಗಳೂ ಈ ಸಾಲಿಗೇ ಸೇರುತ್ತವೆ. ಟೆಫ್ಲಾನ್ ದೋಸೆ ಹಂಚಿಗೆ ಅಂಟುವುದು 300 ಡಿಗ್ರಿಗೂ ಮೇಲೆ ಕಾಯಿಸಿದಾಗ. ಕಾರಿನ ಬಣ್ಣವನ್ನು ಹಾಗೆ ಕಾಯಿಸಲಾಗದು, ಆದ್ದರಿಂದ ಆ ಹೆಸರಿನಲ್ಲಿ ಹಚ್ಚುವುದರಲ್ಲಿ ಕೆಲಸ ಮಾಡುವುದು ಜೊತೆಗಿರುವ ಮೇಣ ಅಥವಾ ಸಿಲಿಕೋನ್ ಮಾತ್ರ. ಸೆರಾಮಿಕ್ ನಿಜಕ್ಕೂ ಗಟ್ಟಿಯಾದ, ವರ್ಷಗಟ್ಟಲೆ ಬಾಳುವ ಸಿಲಿಕಾ ಆಧಾರಿತ ಪದರ. ಆದರೆ ಅದರ 9ಎಚ್ ಎಂಬ ಬಿರುದು ಪೆನ್ಸಿಲ್ ಮೊನೆಯಿಂದ ಗೀರಿ ನೋಡುವ ಪರೀಕ್ಷೆಯದು, ಖನಿಜಗಳ ಪಟ್ಟಿಯದಲ್ಲ. ಬೆಣಚಿನ ಪುಡಿ ಅದನ್ನೂ ಗೀರುತ್ತದೆ. ಗಡಸು ನೀರಿನ ಉಂಗುರಗಳೂ ಅದರ ಮೇಲೆ ಚೆನ್ನಾಗಿಯೇ ಮೂಡುತ್ತವೆ. ಐದಂಕಿಯ ಹಣ ಕೊಡುವ ಮುನ್ನ ಇದು ತಿಳಿದಿದ್ದರೆ ಒಳ್ಳೆಯದು.

ಯಾವ ಪದರವಾದರೂ ಶುದ್ಧ ಮೇಲ್ಮೈಗೆ ಮಾತ್ರ ಹಿಡಿಯುತ್ತದೆ. ತೊಳೆದು ಒಣಗಿಸಿದ ಬಾನೆಟ್ಟಿನ ಮೇಲೆ ತೆಳು ಪ್ಲಾಸ್ಟಿಕ್ ಕವರಿನೊಳಗೆ ಬೆರಳಿಟ್ಟು ಸವರಿದರೆ ಕಣ್ಣಿಗೆ ಕಾಣದ ತರಿಗಳು ತಿಳಿಯುತ್ತವೆ. ರೈಲು ಹಳಿಗಳ ಪಕ್ಕ ನಿಲ್ಲುವ ಕಾರುಗಳ ಮೇಲೆ ಚಕ್ರ ಮತ್ತು ಬ್ರೇಕಿನಿಂದ ಸಿಡಿದ ಕಬ್ಬಿಣದ ಕಣಗಳು ಕೂತು ತುಕ್ಕು ಹಿಡಿಯುವುದುಂಟು. ಕ್ಲೇ ಬಾರ್ ಎಂಬ ಜೇಡಿಯಂಥ ಮುದ್ದೆಯನ್ನು ಶಾಂಪೂ ನೀರಿನಲ್ಲಿ ಜಾರಿಸಿ ಇವನ್ನು ಎತ್ತಬೇಕು. ಈಗಾಗಲೇ ಗೀರು ತುಂಬಿದ್ದರೆ ಸೀಲಂಟಿಗೆ ಮೊದಲು ಒಮ್ಮೆ ಪಾಲಿಶ್ ಮಾಡಿಸಬಹುದು. ಪಾಲಿಶ್ ಎಂದರೆ ಕ್ಲಿಯರ್ ಕೋಟನ್ನೇ ಕೆಲವು ಮೈಕ್ರಾನ್ ತೇಯುವುದು, ಹಾಗಾಗಿ ವರ್ಷವರ್ಷವೂ ಮಾಡಿಸತಕ್ಕದ್ದಲ್ಲ. ‘ಕ್ಲೀನರ್ ವ್ಯಾಕ್ಸ್’ ಎಂಬ ಡಬ್ಬಿಗಳಲ್ಲೂ ತೇಯುವ ಪುಡಿ ಇರುತ್ತದೆ. ಸೀಲಂಟ್ ಹಚ್ಚುವುದು ನೆರಳಿನಲ್ಲಿ, ತಗಡು ತಣ್ಣಗಿರುವಾಗ, ಆದಷ್ಟು ತೆಳ್ಳಗೆ. ದಪ್ಪ ಹಚ್ಚಿದ್ದೆಲ್ಲ ಒರೆಸುವ ಬಟ್ಟೆಗೇ ಹೋಗುತ್ತದೆ, ಕಪ್ಪಿನ ಮೇಲೆ ಮಬ್ಬು ಪಟ್ಟೆಯನ್ನೂ ಉಳಿಸುತ್ತದೆ.

ಹಚ್ಚಿದ್ದನ್ನು ಕಾಪಾಡಿಕೊಳ್ಳುವುದರಲ್ಲೇ ಹೆಚ್ಚಿನವರು ಸೋಲುವುದು. ಕಾಗೆ ಹಿಕ್ಕೆಯಲ್ಲಿ ಯೂರಿಕ್ ಆಮ್ಲವಿದೆ. ಕಾದ ಕ್ಲಿಯರ್ ಕೋಟ್ ಮೆತ್ತಗಾಗಿರುವಾಗ ಹಿಕ್ಕೆ ಗಟ್ಟಿಯಾಗಿ ಅಂಟಿಕೊಂಡರೆ ಅಲ್ಲಿ ಶಾಶ್ವತ ಕಲೆ ನಿಲ್ಲುತ್ತದೆ. ಸೀಲಂಟ್ ಕೊಡುವುದು ಕೆಲವು ಗಂಟೆಗಳ ಕಾಲಾವಕಾಶ ಅಷ್ಟೆ. ಆಯುಧಪೂಜೆಯ ಮಾರನೆಯ ದಿನ ಕಪ್ಪು ಕಾರಿಗೆ ವರ್ಷದಲ್ಲೇ ಕೆಟ್ಟ ದಿನ: ಒಣಗಿದ ವಿಭೂತಿ, ಕುಂಕುಮವನ್ನು ಒಣಬಟ್ಟೆಯಲ್ಲಿ ತಿಕ್ಕುತ್ತಾರೆ, ಕಟ್ಟಿದ ಬಾಳೆಕಂದು ದಾರಿಯುದ್ದಕ್ಕೂ ಬಾನೆಟ್ಟನ್ನು ಉಜ್ಜಿರುತ್ತದೆ. ಮೊದಲು ಧಾರಾಳ ನೀರು ಸುರಿದು ಪುಡಿಯನ್ನು ಹರಿಸಿ, ಆಮೇಲೆ ಕಾರಿನ ಶಾಂಪೂ ಹಾಕಿದ ಮೆತ್ತನೆಯ ಬಟ್ಟೆಯಿಂದ ಮೇಲಿನಿಂದ ಕೆಳಕ್ಕೆ ತೊಳೆದರೆ ಯಾವ ಹಾನಿಯೂ ಇಲ್ಲ. ದಿಬ್ಬದ ದೂಳಿಗೂ ಇದೇ ಕ್ರಮ. ಬಟ್ಟೆ ಸೋಪಿನ ಪುಡಿ ಕ್ಷಾರೀಯವಾದ್ದರಿಂದ ವ್ಯಾಕ್ಸನ್ನು ಒಂದೆರಡು ಸಲಕ್ಕೇ ಕಿತ್ತುಹಾಕುತ್ತದೆ. ವಾಟರ್ ಸರ್ವಿಸ್‌ನವರ ಕೈಗೆ ಕಾರು ಕೊಡುವಾಗ ಹಿಂದಿನ ಲಾರಿಯ ಮಡ್‌ಗಾರ್ಡ್ ಒರೆಸಿದ ಬಟ್ಟೆಯೇ ಇದಕ್ಕೂ ಬರುತ್ತದೆಯೇ ಎಂದು ನೋಡಿಕೊಳ್ಳುವುದು, ದುಬಾರಿ ಸೀಲಂಟ್ ಕೊಳ್ಳುವುದಕ್ಕಿಂತ ಲಾಭದಾಯಕ.

ಮತ್ತೆ ಹಚ್ಚುವ ಕಾಲ ಬಂತೇ ಎಂದು ತಿಳಿಯಲು ಡಬ್ಬಿಯ ಮೇಲಿನ ತಿಂಗಳ ಲೆಕ್ಕವನ್ನು ನೆಚ್ಚಬೇಕಿಲ್ಲ. ಚೆನ್ನಾಗಿ ತೊಳೆದ ಬಾನೆಟ್ಟಿನ ಮೇಲೆ ಒಂದು ಚೊಂಬು ನೀರು ಸುರಿದಾಗ ಅದು ಸರ್ರನೆ ಜಾರಿಹೋದರೆ ಪದರ ಇನ್ನೂ ಇದೆ. ಚಪ್ಪಟೆಯಾಗಿ ಹರಡಿ ಅಲ್ಲೇ ನಿಂತರೆ ಸವೆದಿದೆ. ತೊಳೆಯದೆ ಈ ಪರೀಕ್ಷೆ ಮಾಡಿದರೆ, ಮೇಲೆ ಕೂತ ದೂಳೇ ನೀರನ್ನು ಹಿಡಿದು ನಿಲ್ಲಿಸುವುದರಿಂದ, ಇರುವ ಸೀಲಂಟೂ ಇಲ್ಲದಂತೆ ತೋರುತ್ತದೆ.