ಘಾಟಿ ಇಳಿಯುವಾಗ ನ್ಯೂಟ್ರಲ್‌ಗೆ ಹಾಕಿದರೆ ಪೆಟ್ರೋಲ್ ಉಳಿಯುತ್ತದೆಯೇ? ಬ್ರೇಕ್ ಕೈಕೊಡಬಹುದು, ಎಚ್ಚರ!

"ಇಳಿಜಾರಿನಲ್ಲಿ ಗಾಡಿಯನ್ನು ನ್ಯೂಟ್ರಲ್‌ಗೆ ಹಾಕಿ, ಇಲ್ಲವೇ ಎಂಜಿನ್ ಆಫ್ ಮಾಡಿ, ಪೆಟ್ರೋಲ್ ಉಳಿಸಿ." ಈ ಸಲಹೆಯನ್ನು ನೀವೂ ಕೇಳಿರಬಹುದು. ಆಗುಂಬೆ, ಚಾರ್ಮಾಡಿ, ಶಿರಾಡಿಯಂಥ ಘಾಟಿಗಳಲ್ಲಿ ಇದನ್ನು ಪಾಲಿಸಿದರೆ ಜೀವಕ್ಕೇ ಅಪಾಯ. ಯಾಕೆ ಎಂದು ನೋಡೋಣ.

ಬ್ರೇಕ್ ಏಕೆ ಬಿಸಿಯಾಗುತ್ತದೆ?

ಬ್ರೇಕ್ ತುಳಿದಾಗ ಪ್ಯಾಡ್‌ಗಳು ಚಕ್ರದ ಜೊತೆ ತಿರುಗುವ ಡಿಸ್ಕನ್ನು ಒತ್ತಿ ಹಿಡಿಯುತ್ತವೆ. ಈ ಘರ್ಷಣೆಯಲ್ಲಿ ಗಾಡಿಯ ಓಟ ಶಾಖವಾಗಿ ಬದಲಾಗುತ್ತದೆ. ಒಂದು ಲೆಕ್ಕ ಹಾಕೋಣ. 1,200 ಕೆಜಿ ತೂಕದ ಕಾರು 500 ಮೀಟರ್ ಎತ್ತರದಿಂದ ಕೆಳಗಿಳಿದರೆ ಹೊಮ್ಮುವ ಶಕ್ತಿ ಸುಮಾರು 59 ಲಕ್ಷ ಜೂಲ್. ಅಂದರೆ ಸುಮಾರು 18 ಲೀಟರ್ ನೀರನ್ನು ಕುದಿಯುವ ಹಂತಕ್ಕೆ ತರುವಷ್ಟು ಶಾಖ! ಗಾಡಿ ಗೇರಿನಲ್ಲಿದ್ದರೆ ಇದರಲ್ಲಿ ದೊಡ್ಡ ಪಾಲನ್ನು ಎಂಜಿನ್ ತಡೆದುಕೊಳ್ಳುತ್ತದೆ. ನ್ಯೂಟ್ರಲ್‌ನಲ್ಲಿದ್ದರೆ ಹೆಚ್ಚುಕಮ್ಮಿ ಎಲ್ಲ ಭಾರವೂ ಬ್ರೇಕ್ ಮೇಲೆಯೇ.

ಬ್ರೇಕ್ ಫೇಡ್ ಎಂದರೇನು?

ವಿಪರೀತ ಬಿಸಿಯಿಂದ ಬ್ರೇಕ್ ಹಿಡಿತ ಕಳೆದುಕೊಳ್ಳುವುದೇ ಬ್ರೇಕ್ ಫೇಡ್. ಇದರಲ್ಲಿ ಮುಖ್ಯವಾಗಿ ಎರಡು ಬಗೆ.

1. ಪ್ಯಾಡ್ ಅತಿಯಾಗಿ ಕಾದು ಘರ್ಷಣೆ ಕಡಿಮೆಯಾಗುತ್ತದೆ. ಪೆಡಲ್ ಗಟ್ಟಿಯಾಗಿಯೇ ಇರುತ್ತದೆ, ಆದರೆ ಗಾಡಿ ನಿಲ್ಲುವುದಿಲ್ಲ.

2. ಬ್ರೇಕ್ ಆಯಿಲ್ ಕುದಿದು ಆವಿಯ ಗುಳ್ಳೆಗಳಾಗುತ್ತವೆ. ಒತ್ತಡ ಚಕ್ರಕ್ಕೆ ತಲುಪದೆ ಪೆಡಲ್ ಮೆತ್ತಗಾಗಿ ಕೆಳಗೆ ಹೋಗುತ್ತದೆ.

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಹೊಸ ಡಾಟ್ 3 ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನದಂಡ. ತೇವ ಹೀರಿದ ಆಯಿಲ್‌ಗೆ ಈ ಮಿತಿ 140 ಡಿಗ್ರಿ ಮಾತ್ರ. ಹಳೆಯ ಆಯಿಲ್ ಘಾಟಿಯಲ್ಲಿ ಅಪಾಯಕಾರಿ ಎನ್ನುವುದು ಇದಕ್ಕೇ.

ಹಾಗಾದರೆ ಪೆಟ್ರೋಲ್ ಉಳಿತಾಯ?

ಈಗಿನ ಫ್ಯುಯೆಲ್ ಇಂಜೆಕ್ಷನ್ ಕಾರುಗಳು ಗೇರಿನಲ್ಲಿದ್ದು, ನೀವು ಆಕ್ಸಿಲರೇಟರ್‌ನಿಂದ ಕಾಲು ತೆಗೆದು ಇಳಿಯುವಾಗ ಎಂಜಿನ್‌ಗೆ ಇಂಧನವನ್ನೇ ನಿಲ್ಲಿಸುತ್ತವೆ. ನ್ಯೂಟ್ರಲ್‌ಗೆ ಹಾಕಿದರೆ ಎಂಜಿನ್ ಚಾಲೂ ಇರಲು ಇಂಧನ ಬೇಕೇ ಬೇಕು. ಎಂಜಿನ್ ಆಫ್ ಮಾಡುವುದು ಇನ್ನೂ ಕೆಟ್ಟದ್ದು. ಕೆಲವು ಸಲ ಬ್ರೇಕ್ ತುಳಿಯುವಷ್ಟರಲ್ಲಿ ಬೂಸ್ಟರ್‌ನ ನೆರವು ಮುಗಿದು ಪೆಡಲ್ ಬಿಗಿಯಾಗುತ್ತದೆ. ಪವರ್ ಸ್ಟೀರಿಂಗ್ ಕೂಡ ಕೆಲಸ ಮಾಡುವುದಿಲ್ಲ.

ಘಾಟಿ ಇಳಿಯುವಾಗ ಏನು ಮಾಡಬೇಕು?

• ಇಳಿಜಾರು ಶುರುವಾಗುವ ಮೊದಲೇ ಎರಡನೇ ಅಥವಾ ಮೂರನೇ ಗೇರಿಗೆ ಬನ್ನಿ. ಅದೇ ದಾರಿ ಹತ್ತಲು ಬೇಕಾಗುವ ಗೇರಿನಲ್ಲೇ ಇಳಿಯಿರಿ. ಆಟೋಮ್ಯಾಟಿಕ್ ಕಾರಿನಲ್ಲಿ ಎಲ್ ಅಥವಾ ಮ್ಯಾನುವಲ್ ಮೋಡ್ ಬಳಸಿ.
• ಬ್ರೇಕ್ ಮೇಲೆ ಸದಾ ಕಾಲಿಟ್ಟಿರಬೇಡಿ. ಗಟ್ಟಿಯಾಗಿ ತುಳಿದು ವೇಗ ಇಳಿಸಿ, ಬಿಟ್ಟುಬಿಡಿ.
• ಸುಟ್ಟ ವಾಸನೆ ಬಂದರೆ, ಪೆಡಲ್ ಮೆತ್ತಗಾದರೆ, ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ತಣಿಯಲು ಬಿಡಿ. ಕಾದ ಡಿಸ್ಕ್ ಮೇಲೆ ನೀರು ಸುರಿಯಬೇಡಿ, ಅದು ಸೊಟ್ಟಗಾಗಬಹುದು ಅಥವಾ ಬಿರುಕು ಬಿಡಬಹುದು.
• ಬ್ರೇಕ್ ಆಯಿಲನ್ನು ಕಾರಿನ ಕೈಪಿಡಿ ಹೇಳಿದ ಅವಧಿಗೆ ಬದಲಿಸಿ. ಹಲವು ಕಾರುಗಳಿಗೆ ಇದು ಎರಡು ವರ್ಷ.

ಬ್ರೇಕ್ ಹಿಡಿಯದೇ ಹೋದರೆ?

ಪೆಡಲನ್ನು ಬೇಗ ಬೇಗ ಹಲವು ಸಲ ತುಳಿಯಿರಿ. ಗೇರನ್ನು ಒಂದೊಂದಾಗಿ ಇಳಿಸಿ. ಹ್ಯಾಂಡ್‌ಬ್ರೇಕನ್ನು ಒಮ್ಮೆಲೇ ಎಳೆಯದೆ ನಿಧಾನವಾಗಿ ಎಳೆಯಿರಿ. ಹಾರ್ನ್ ಮತ್ತು ಹಜಾರ್ಡ್ ಲೈಟ್‌ನಿಂದ ಉಳಿದವರನ್ನು ಎಚ್ಚರಿಸಿ. ಬೇರೆ ದಾರಿಯೇ ಇಲ್ಲದಿದ್ದರೆ ಕಣಿವೆಯ ಕಡೆಗಲ್ಲ, ಗುಡ್ಡದ ಕಡೆಗೆ ಗಾಡಿಯನ್ನು ತಾಗಿಸಿ ನಿಲ್ಲಿಸಲು ಪ್ರಯತ್ನಿಸಿ.

ಕೊನೆಯ ಮಾತು: ನ್ಯೂಟ್ರಲ್‌ಗೆ ಹಾಕಿದರೆ ಇಂಧನ ಉಳಿಯುತ್ತದೆ ಎಂಬುದು ಈಗಿನ ಕಾರುಗಳ ಮಟ್ಟಿಗೆ ತಪ್ಪು. ಅದರಿಂದ ಬ್ರೇಕ್ ಸೋಲುವ ಅಪಾಯ ಮಾತ್ರ ನಿಜ. ಘಾಟಿ ಕಡೆಗೆ ಪ್ರವಾಸ ಹೊರಟವರು ನಿಮ್ಮ ಗ್ರೂಪಿನಲ್ಲಿದ್ದರೆ ಇದನ್ನು ಅವರಿಗೂ ಕಳುಹಿಸಿ.