ಳಕಾರ ತಪ್ಪಿದರೆ ಊರೇ ಹಲ್ಲಿ

ಅಮೃತಹಳ್ಳಿ ಮುಖ್ಯರಸ್ತೆಯ ಒಂದು ಸ್ಟಿಕ್ಕರ್ ಅಂಗಡಿಗೆ ಗೇಟಿನ ಹೆಸರು ಬರೆಸಲು ಹೋಗಿದ್ದೆ. ಯಂತ್ರ ಹಳದಿ ಹಾಳೆಯ ಮೇಲೆ ಇನ್ಯಾರದೋ ಬೋರ್ಡಿನ ಅಕ್ಷರ ಕೊರೆಯುತ್ತಿತ್ತು. ಬಂಗಾಳದ ಹುಡುಗನೊಬ್ಬ ಚಿಮಟ ಹಿಡಿದು ಅಕ್ಷರಗಳ ಹೊಟ್ಟೆಯಲ್ಲಿ ಉಳಿದ ಚೂರುಗಳನ್ನು ಒಂದೊಂದಾಗಿ ಎತ್ತಿ ತೆಗೆಯುತ್ತಿದ್ದ. ಮಾಲೀಕರು ಕಣ್ಣು ಹಾಯಿಸಿದವರೇ ಕೂಗಿದರು: "ಏಯ್, ತಡಿಯೋ! ಅದು ಹಲ್ಲಿ ಆಗೋಯ್ತು, ಹಳ್ಳಿ ಮಾಡು!"

ಹಾಳೆಯ ಮೇಲೆ 'ಅಮೃತಹಲ್ಲಿ' ಎಂದಿತ್ತು. ಗಿರಾಕಿ ಮೊಬೈಲಿನಲ್ಲಿ ಕಳಿಸಿದ್ದನ್ನೇ ಹುಡುಗ ಯಂತ್ರಕ್ಕೆ ಕೊಟ್ಟಿದ್ದ. ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಲೇಬೇಕೆಂದು 2024ರಲ್ಲಿ ಕಾನೂನಾದ ಮೇಲೆ ಕನ್ನಡ ಬಾರದವರೂ ಕನ್ನಡ ಬೋರ್ಡು ಬರೆಸುತ್ತಾರೆ. ಒಳ್ಳೆಯದೇ. ಆದರೆ ಇಂಗ್ಲಿಷ್ ಕಾಗುಣಿತದಲ್ಲಿ ಹಳ್ಳಿಗೂ ಹಲ್ಲಿಗೂ ಭೇದವಿಲ್ಲ. ಅದನ್ನು ನೋಡಿ ಕನ್ನಡಕ್ಕೆ ಇಳಿಸಿದರೆ ಊರು ಗೋಡೆ ಹತ್ತುತ್ತದೆ.

ಬೀರ್‌ಭೂಮ್ ಜಿಲ್ಲೆಯ ಆ ಹುಡುಗ ತಲೆಯೆತ್ತಿ ಕೇಳಿದ: "ಹಳ್ಳಿ ಅಂದ್ರೆ ಗಾಂವ್ ತಾನೆ ಸರ್? ನಮ್ ಕಡೆನೂ ಇದೆ, ಪೊಲ್ಲಿ." ಶಾಂತಿನಿಕೇತನದ ಬಡಾವಣೆಗಳ ಹೆಸರು ಹೇಳತೊಡಗಿದ: ರತನ್‌ಪಲ್ಲಿ, ಪೂರ್ವಪಲ್ಲಿ. ಬಂಗಾಳಿಯಲ್ಲಿ ಹಲ್ಲಿಗೆ ಏನಂತೀರಪ್ಪ ಎಂದೆ. "ಟಿಕ್‌ಟಿಕಿ" ಎಂದ. ಅವನ ಭಾಷೆಯಲ್ಲಿ ಈ ಗೊಂದಲವೇ ಹುಟ್ಟುವುದಿಲ್ಲ. ನಾನು ಗೇಟಿನ ಹೆಸರು ಮರೆತು ಅಲ್ಲೇ ಸ್ಟೂಲು ಎಳೆದುಕೊಂಡು ಕೂತೆ.

ಹಳ್ಳಿ ಮೊದಲು ಪಳ್ಳಿಯಾಗಿತ್ತು. ಪಾಲು ಹಾಲಾದಂತೆ, ಪುಲಿ ಹುಲಿಯಾದಂತೆ ಅದೂ ಹಕಾರಕ್ಕೆ ತಿರುಗಿತು. ಅದೇ ಪಳ್ಳಿ ತಮಿಳಿನಲ್ಲಿ ಜೈನ, ಬೌದ್ಧರ ವಿಹಾರವಾಯಿತು. ನಾಗಪಟ್ಟಣದಲ್ಲಿ ಚೋಳರ ಕಾಲದ ಬೌದ್ಧ ವಿಹಾರಕ್ಕೆ ರಾಜರಾಜಪ್ಪೆರುಂಪಳ್ಳಿ ಎಂದೇ ಹೆಸರಿತ್ತು. ಮುನಿಗಳಿದ್ದಲ್ಲಿ ಪಾಠ ನಡೆಯುತ್ತದಲ್ಲ, ಇಂದಿಗೂ ತಮಿಳರ ಶಾಲೆ ಪಳ್ಳಿಕ್ಕೂಡಂ. ಕೇರಳದಲ್ಲಿ ಚರ್ಚು, ಮಸೀದಿ ಎರಡೂ ಪಳ್ಳಿ. ಮಟ್ಟಾಂಚೇರಿಯ ಯೆಹೂದಿ ಮಂದಿರವೂ ಜೂದಪ್ಪಳ್ಳಿ. ತುಳು, ಕೊಡವ ಭಾಷೆಗಳಲ್ಲಿ ಪಳ್ಳಿಯೆಂದರೆ ಮಸೀದಿ. ಕಾಸರಗೋಡಿನ ತಳಂಗರೆಯ ಮಾಲಿಕ್ ದೀನಾರ್ ಮಸೀದಿಯನ್ನು ಆಸುಪಾಸಿನವರು ಕರೆಯುವುದೂ ಹಾಗೆಯೇ. ಇನ್ನು ಶ್ರೀವೈಷ್ಣವರ ಮನೆಯಲ್ಲಿ ಧನುರ್ಮಾಸದ ಬೆಳಗ್ಗೆ ಹೇಳುವ ತಿರುಪ್ಪಳ್ಳಿಯೆಳುಚ್ಚಿಯಲ್ಲಿ ಪಳ್ಳಿ ಎಂದರೆ ದೇವರ ಶಯನ. ಊರು, ಮಠ, ಶಾಲೆ, ಮಸೀದಿ, ಹಾಸಿಗೆ ಎಲ್ಲವೂ ಒಂದೇ ಬುಡದ ಟಿಸಿಲುಗಳು. ತಂಗುವ ತಾಣ ಎಂಬುದೇ ಆ ಬುಡ ಎಂದು ನನಗನ್ನಿಸುತ್ತದೆ.

ಹಲ್ಲಿಯ ಕತೆ ಬೇರೆ. ಅದೂ ಹಿಂದೆ ಪಕಾರದ್ದೇ. ಹಳಗನ್ನಡದಲ್ಲಿ ಪಲ್ಲಿ, ತಮಿಳು ಮಲಯಾಳಗಳಲ್ಲಿ ಈಗಲೂ ಪಲ್ಲಿ, ತೆಲುಗಿನಲ್ಲಿ ಬಲ್ಲಿ. ಬರೋ ಮತ್ತು ಎಮಿನೋ ಅವರ ದ್ರಾವಿಡ ನಿಷ್ಪತ್ತಿ ಕೋಶ ಹಳ್ಳಿ, ಹಲ್ಲಿ ಎರಡನ್ನೂ ಬೇರೆ ಬೇರೆ ಉಲ್ಲೇಖಗಳಲ್ಲಿ ಇಟ್ಟಿದೆ, ನೆಂಟಸ್ತಿಕೆ ಕಟ್ಟಿಲ್ಲ. ಒಂದೇ ಧ್ವನಿ ಬದಲಾವಣೆಗೆ ಎರಡೂ ಪದಗಳು ಸಿಕ್ಕಿ ಜೊತೆಜೊತೆಗೇ ಹಕಾರಕ್ಕೆ ಬಂದರೂ ಕನ್ನಡದಲ್ಲಿ ಕಲಸಿಹೋಗಲಿಲ್ಲ. ಎರಡರ ನಡುವೆ ಒಂದು ಳಕಾರ ಕಾವಲು ನಿಂತಿತ್ತು.

ಸಂಸ್ಕೃತದಲ್ಲಿ ಆ ಕಾವಲು ಇರಲಿಲ್ಲ. ವೇದದಲ್ಲಿ ಕಾಣುವ ಳಕಾರಕ್ಕೆ ಕಾವ್ಯ ಶಾಸ್ತ್ರಗಳ ಸಂಸ್ಕೃತದಲ್ಲಿ ಜಾಗವಿಲ್ಲ. ಮೋನಿಯರ್ ವಿಲಿಯಮ್ಸರ ನಿಘಂಟಿನಲ್ಲಿ 'ಪಲ್ಲಿ' ನೋಡಿ: ಚಿಕ್ಕ ಊರು, ಗುಡಿಸಲು, ಅದರ ಬೆನ್ನಿಗೇ ಮನೆಯ ಹಲ್ಲಿ! ಸ್ಟಿಕ್ಕರ್ ಅಂಗಡಿಯಲ್ಲಿ ಆದದ್ದು ಸಂಸ್ಕೃತದಲ್ಲಿ ಎಂದೋ ಆಗಿಹೋಗಿದೆ. ನಮ್ಮವರು ಮಾತ್ರ ಹಲ್ಲಿಯನ್ನು ಗೋಡೆಯ ಮೇಲೆಯೇ ಇರಿಸಿ ಗೌರವ ಕೊಟ್ಟರು. ಅದು ಲೊಚಗುಟ್ಟಿದರೆ ಅಜ್ಜಿ ನೆಲಕ್ಕೆ ಬೆರಳು ತಟ್ಟಿ "ಕೃಷ್ಣ ಕೃಷ್ಣ" ಎನ್ನುತ್ತಿದ್ದಳು. ಮೈಮೇಲೆ ಬಿದ್ದರೆ ಪಂಚಾಂಗ ತೆಗೆಯಬೇಕು. ಯಾವ ಅಂಗದ ಮೇಲೆ ಬಿದ್ದರೆ ಯಾವ ಫಲ ಎಂಬ ಪಟ್ಟಿಯೇ ಅಲ್ಲಿರುತ್ತದೆ. ಆ ಫಲಗಳಲ್ಲಿ ನನಗೆ ನಂಬಿಕೆಯಿಲ್ಲ, ಪಟ್ಟಿ ಓದುವುದೆಂದರೆ ಮಾತ್ರ ಬಲು ಇಷ್ಟ. ಕಂಚಿಯ ವರದರಾಜನ ಗುಡಿಯಲ್ಲಿ ಚಿನ್ನದ ಹಲ್ಲಿ, ಬೆಳ್ಳಿಯ ಹಲ್ಲಿ ಮುಟ್ಟಲು ಜನ ಈಗಲೂ ಸಾಲು ನಿಲ್ಲುತ್ತಾರೆ.

ಇಷ್ಟಕ್ಕೇ ಮುಗಿಯುವುದಿಲ್ಲ. ಹೈದರಾಬಾದಿನಲ್ಲಿ ದೋಸೆಗೆ ಪಲ್ಲಿ ಚಟ್ನಿ ಕೊಟ್ಟರೆ ಗಾಬರಿ ಬೇಡ, ಅದು ಕಡಲೆಕಾಯಿ. ಫಿನ್ಲೆಂಡಿನಲ್ಲಿ 'ಹಲ್ಲಿ' ಎಂದರೆ ಸ್ವೀಡನ್ನಿನ ಕಡೆಯಿಂದ ಬಂದ 'ಹಾಲ್', ದೊಡ್ಡ ಸೂರಿನ ಸಂತೆಕಟ್ಟಡ. ಅದೇ ಉಚ್ಚಾರದ ಇನ್ನೊಂದು ಪದ ಬೂದು ಬಣ್ಣದ ಕಡಲನಾಯಿಗೆ. ತಿರುಚ್ಚಿರಾಪ್ಪಳ್ಳಿಯನ್ನು ಬ್ರಿಟಿಷರು ಟ್ರಿಚಿನೋಪೊಲಿ ಮಾಡಿ ಪಳ್ಳಿಗೆ ಗ್ರೀಕ್ ನಗರದ ವೇಷ ತೊಡಿಸಿದರು. ಷರ್ಲಾಕ್ ಹೋಮ್ಸ್ 1887ರ ತನ್ನ ಮೊದಲ ಕಾದಂಬರಿಯಲ್ಲೇ ಕೊಲೆಗಾರ ಸೇದಿದ್ದು ಟ್ರಿಚಿನೋಪೊಲಿ ಚುಟ್ಟ ಎಂದು ಬೂದಿ ನೋಡಿ ಹೇಳುತ್ತಾನೆ.

ಮಾಲೀಕರು ತಪ್ಪು ತಿದ್ದಿದ್ದು ಒಂದು ಕೀಲಿಯಿಂದ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಲ್ಲಿ ಎಲ್ ಒತ್ತಿದರೆ ಲ, ಶಿಫ್ಟ್ ಹಿಡಿದು ಒತ್ತಿದರೆ ಳ. ಹುಡುಗ ಅದನ್ನು ಎರಡು ಸಲ ಒತ್ತಿ ನೋಡಿ ಕಲಿತುಕೊಂಡ. ಬೇರೆ ರಾಜ್ಯದಿಂದ ಬಂದವರಿಗೆ ಳ ಉಚ್ಚರಿಸುವುದು ಕಷ್ಟ ಎಂಬ ಸಬೂಬನ್ನು ನಾನು ಒಪ್ಪುವುದಿಲ್ಲ. ನಾವೇ ಕಲಿಸುತ್ತಿಲ್ಲ, ಅಷ್ಟೆ.

ಬಳ್ಳಾರಿ ರಸ್ತೆಯಲ್ಲಿ ವಿಮಾನ ನಿಲ್ದಾಣದ ಕಡೆಗೆ ಮೆಟ್ರೊ ಕಾಮಗಾರಿ ನಡೆದಿದೆ. ಅಮೃತಹಳ್ಳಿಯ ಪಕ್ಕದಲ್ಲೇ ಕೊಡಿಗೇಹಳ್ಳಿ ನಿಲ್ದಾಣ ಬರಲಿದೆ. ಫಲಕ ಬರೆಸುವವರು, ರೈಲಿನೊಳಗೆ ಊರಿನ ಹೆಸರು ಕೂಗಲು ದನಿ ಕೊಡುವವರು ಈ ಒಂದಕ್ಷರದ ಮೇಲೆ ಕಣ್ಣಿಡಲಿ. ಊರಿನ ಹೆಸರನ್ನು ಹಿಂದಿಯಲ್ಲಿ ಬರೆಯುವವರಿಗೂ ನೆಪ ಬೇಡ. ಮರಾಠಿಗರು ದಿನವೂ ಬರೆಯುವ ಳಕಾರ ದೇವನಾಗರಿಯಲ್ಲೇ ಇದೆ.