ಕಲ್ಲಿನಿಂದ ಎಲುಬಿಗೆ: ಕೊಪ್ಪಳದ ನೀರಿನಲ್ಲಿ ಫ್ಲೋರೈಡ್

ತುಂಗಭದ್ರೆಯ ಎಡದಂಡೆ ಕಾಲುವೆಯು ಗಂಗಾವತಿಯ ಭತ್ತದ ಗದ್ದೆಗಳನ್ನು ತಣಿಸುತ್ತದೆಯಾದರೂ, ಅದೇ ಜಿಲ್ಲೆಯ ಕುಷ್ಟಗಿ ಮತ್ತು ಯಲಬುರ್ಗಾ ತಾಲೂಕುಗಳ ಬಹುಭಾಗದ ಎರೆ ಮತ್ತು ಮಸಾರಿ ನೆಲಕ್ಕೆ ಆ ನೀರು ಏರುವುದಿಲ್ಲವಾದ್ದರಿಂದ, ಅಲ್ಲಿನ ಹಳ್ಳಿಗಳು ದಶಕಗಳಿಂದ ಕೊಳವೆಬಾವಿಗಳನ್ನೇ ನಂಬಿಕೊಂಡು ಬಂದಿವೆ. ಅಂಥ ಅನೇಕ ಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಂಶವು ಭಾರತೀಯ ಮಾನಕ ಬ್ಯೂರೋ ವಿಧಿಸಿದ ಮಿತಿಯನ್ನು ದಾಟಿದೆ. ಆ ಮಿತಿಯು ಲೀಟರಿಗೆ 1 ಮಿಲಿಗ್ರಾಂ, ಬೇರೆ ಜಲಮೂಲವೇ ಇಲ್ಲದಿದ್ದಲ್ಲಿ ಹೆಚ್ಚೆಂದರೆ 1.5 ಮಿಲಿಗ್ರಾಂ. ಬಣ್ಣವಾಗಲಿ ರುಚಿಯಾಗಲಿ ವಾಸನೆಯಾಗಲಿ ಇಲ್ಲದ ಈ ಅಂಶವನ್ನು ನಾಲಿಗೆ ಗುರುತಿಸಲಾರದು.

ಇದು ಕಾರ್ಖಾನೆಯಿಂದ ಬಂದ ಮಾಲಿನ್ಯವಲ್ಲ, ನೆಲದ ಕಲ್ಲಿನಲ್ಲಿಯೇ ಇರುವಂಥದು. ಈ ಭಾಗದ ಗ್ರಾನೈಟ್ ಮತ್ತು ನೈಸ್ ಶಿಲೆಗಳಲ್ಲಿ ಫ್ಲೋರೈಟ್, ಅಪಟೈಟ್, ಕರಿಯ ಕಾಗೆಬಂಗಾರ ಮುಂತಾದ ಫ್ಲೋರಿನ್‌ಯುಕ್ತ ಖನಿಜಗಳಿದ್ದು, ಮಳೆ ಕಡಿಮೆಯಾದ ಕಾರಣ ಬಿರುಕುಗಳಲ್ಲಿ ನಿಂತ ನೀರು ಬಹುಕಾಲ ಆ ಕಲ್ಲಿನೊಡನೆಯೇ ಉಳಿಯುತ್ತದೆ. ಶಿಲೆ ಮತ್ತು ನೀರಿನ ಈ ಒಡನಾಟವನ್ನು ಪರೀಕ್ಷಿಸಿ 2001ರಲ್ಲಿ ಫಲಿತಾಂಶ ಪ್ರಕಟಿಸಿದ ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು, ಬೈಕಾರ್ಬೊನೇಟ್ ಹೆಚ್ಚಾಗಿರುವ ಕ್ಷಾರೀಯ ನೀರಿನಲ್ಲಿ ಫ್ಲೋರೈಡ್ ಸುಲಭವಾಗಿ ಕರಗುತ್ತದೆಂದು ತೋರಿಸಿದರು. ನೀರಿನಲ್ಲಿರುವ ಕ್ಯಾಲ್ಸಿಯಂ ಸುಣ್ಣದ ಹರಳಾಗಿ ಬೇರ್ಪಟ್ಟ ಮೇಲೆ ಫ್ಲೋರೈಡನ್ನು ಹಿಡಿದಿಡುವುದು ಏನೂ ಉಳಿಯುವುದಿಲ್ಲವಾದ್ದರಿಂದ ಅದರ ಪ್ರಮಾಣ ಇನ್ನೂ ಏರುತ್ತದೆ. ಒಂದೇ ಊರಿನ ಎರಡು ಕೊಳವೆಬಾವಿಗಳ ನೀರು ಬೇರೆಬೇರೆಯಾಗಿರುವುದಕ್ಕೂ ನೆಲದಡಿಯ ಶಿಲೆಯ ವೈವಿಧ್ಯವೇ ಕಾರಣವಾದ್ದರಿಂದ, ಒಂದು ಬಾವಿಯ ಪರೀಕ್ಷೆಯನ್ನು ಇಡೀ ಊರಿಗೆ ಅನ್ವಯಿಸುವುದು ತಪ್ಪಾಗುತ್ತದೆ.

ದೇಹದಲ್ಲಿ ಫ್ಲೋರೈಡಿನ ಗುರುತು ಮೊದಲು ಕಾಣುವುದು ಹಲ್ಲಿನಲ್ಲಿ. ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್ ಊರಿನ ಜನರ ಹಲ್ಲಿನ ಕಂದು ಕಲೆಗಳನ್ನು 1901ರಲ್ಲಿ ಗಮನಿಸಿದ ದಂತವೈದ್ಯ ಫ್ರೆಡರಿಕ್ ಮೆಕ್ಕೇ ಅವರ ಹುಡುಕಾಟಕ್ಕೆ, 1931ರಲ್ಲಿ ಎಚ್. ವಿ. ಚರ್ಚಿಲ್ ಎಂಬ ರಸಾಯನಜ್ಞರು ನೀರಿನಲ್ಲಿ ಫ್ಲೋರೈಡನ್ನು ಪತ್ತೆಹಚ್ಚಿದಾಗ ಉತ್ತರ ದೊರೆಯಿತು. ಭಾರತದಲ್ಲಿ ಫ್ಲೋರೈಡಿನಿಂದಾಗುವ ಕಾಯಿಲೆ 1937ರಲ್ಲಿ ಅಂದಿನ ಮದ್ರಾಸ್ ಪ್ರಾಂತದ ನೆಲ್ಲೂರು ಸೀಮೆಯಿಂದ ವರದಿಯಾಯಿತು. ಹಲ್ಲಿನ ಹೊರಕವಚವಾದ ಎನಾಮಲ್ ಒಸಡಿನೊಳಗೆ ರೂಪುಗೊಳ್ಳುವಾಗಲೇ ಫ್ಲೋರೈಡ್ ಅದರ ಖನಿಜೀಕರಣವನ್ನು ಕೆಡಿಸುವುದರಿಂದ, ಶಾಲೆಗೆ ಹೋಗುವ ಮಗುವಿನ ಬಾಯಲ್ಲಿ ಕಾಣುವ ಸುಣ್ಣದಂಥ ಬಿಳಿ ಮಚ್ಚೆಯಾಗಲಿ ಕಂದು ಗೆರೆಯಾಗಲಿ ಆ ಮಗು ಹಲವು ವರ್ಷಗಳ ಹಿಂದೆ ಕುಡಿದ ನೀರಿನ ದಾಖಲೆಯಾಗಿರುತ್ತದೆ. ಅದನ್ನು ಹಲ್ಲುಜ್ಜದ ಸೋಮಾರಿತನವೆಂದು ಬೈಯುವುದು ಮಗುವಿಗೆ ಮಾಡುವ ಅನ್ಯಾಯ. ಸುಮಾರು ಎಂಟನೆಯ ವಯಸ್ಸಿನ ತನಕ ಈ ಅಪಾಯವಿದ್ದು, ಆನಂತರ ಕುಡಿದ ನೀರು ಎನಾಮಲನ್ನು ಕೆಡಿಸದಿದ್ದರೂ ಎಲುಬನ್ನು ಬಿಡುವುದಿಲ್ಲ.

ಎಲುಬಿನ ಹರಳುಗಳಲ್ಲಿರುವ ಹೈಡ್ರಾಕ್ಸಿಲ್ ಎಂಬ ಘಟಕದ ಜಾಗವನ್ನು ಫ್ಲೋರೈಡ್ ಆಕ್ರಮಿಸಿದಾಗ ಎಲುಬು ಕ್ಷ-ಕಿರಣ ಚಿತ್ರದಲ್ಲಿ ದಟ್ಟವಾಗಿ ಕಾಣುತ್ತದೆ. ವರ್ಷಗಳು ಕಳೆದಂತೆ ಸ್ನಾಯುಬಂಧಗಳೂ ಸುಣ್ಣಗಟ್ಟಿ ಬೆನ್ನು ಬಗ್ಗದಾಗುತ್ತದೆ, ಕೆಲವರಲ್ಲಿ ನರಗಳು ಅಮುಕಿಹೋಗಿ ಕೈಕಾಲುಗಳ ಬಲ ಕುಂದುತ್ತದೆ. ದಟ್ಟವಾದ ಎಲುಬು ಗಟ್ಟಿಯಾದ ಎಲುಬಲ್ಲ ಎಂಬುದನ್ನು ಅಮೆರಿಕದ ಮೇಯೊ ಕ್ಲಿನಿಕ್‌ನ ಸಂಶೋಧಕರು 1990ರಲ್ಲಿ ಪ್ರಕಟಿಸಿದ ಪ್ರಯೋಗ ಸ್ಪಷ್ಟಪಡಿಸಿತು. ಮುಟ್ಟು ನಿಂತ, ಎಲುಬು ಸವೆದ 202 ಮಹಿಳೆಯರಲ್ಲಿ ಒಂದು ಗುಂಪಿಗೆ ದಿನಕ್ಕೆ 75 ಮಿಲಿಗ್ರಾಂ ಸೋಡಿಯಂ ಫ್ಲೋರೈಡನ್ನು ಔಷಧವಾಗಿ ನಾಲ್ಕು ವರ್ಷ ಕೊಟ್ಟಾಗ ಸೊಂಟದ ಬೆನ್ನೆಲುಬಿನ ಸಾಂದ್ರತೆ ಶೇ. 35ರಷ್ಟು ಹೆಚ್ಚಿದರೂ, ಬೆನ್ನೆಲುಬಿನ ಮುರಿತಗಳು ಗಣನೀಯವಾಗಿ ಕಡಿಮೆಯಾಗಲಿಲ್ಲ; ಉಳಿದ ಎಲುಬುಗಳ ಮುರಿತಗಳಂತೂ ಹೆಚ್ಚಾದವು.

ಜೋಳ ಉಣ್ಣುವ ಸೀಮೆಗೆ ಇನ್ನೂ ಹತ್ತಿರದ ಸಂಗತಿಯೊಂದಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು 1973ರಲ್ಲಿ ಆಂಧ್ರದ ಫ್ಲೋರೈಡ್ ಪೀಡಿತ ಹಳ್ಳಿಗಳ ಹರೆಯದವರಲ್ಲಿ ಮೊಣಕಾಲುಗಳು ಒಂದಕ್ಕೊಂದು ತಾಗುವಂತೆ ಒಳಬಾಗುವ ವಿಕಾರವನ್ನು ವರದಿ ಮಾಡಿದರು. ಅಲ್ಲಿನ ಜೋಳದಲ್ಲಿ ಮಾಲಿಬ್ಡಿನಂ ಎಂಬ ಲೋಹಾಂಶ ಹೆಚ್ಚಾಗಿ, ದೇಹಕ್ಕೆ ತಾಮ್ರದ ಕೊರತೆಯಾಗಿರಬಹುದೆಂದು ಅವರು ಶಂಕಿಸಿದರು. ಫ್ಲೋರೈಡಿನ ಹಾನಿಯು ನೀರಿನೊಂದಿಗೆ ಊಟವನ್ನೂ ಅವಲಂಬಿಸಿದೆ ಎಂಬ ಈ ವಿಚಾರದ ದಾರಿಯಲ್ಲೇ, ಅದೇ ಸಂಸ್ಥೆಯ ಸಂಶೋಧಕರು ಶಾಲಾ ಬಾಲಕರಿಗೆ ದಿನಕ್ಕೆ 10 ಗ್ರಾಂ ಹುಣಸೆಯನ್ನು 18 ದಿನ ಕೊಟ್ಟು ನೋಡಿದರು. ಮೂತ್ರದ ಮೂಲಕ ಹೊರಹೋಗುವ ಫ್ಲೋರೈಡ್ ಹೆಚ್ಚಿತೆಂದು 2002ರಲ್ಲಿ ಪ್ರಕಟವಾದ ಆ ಫಲಿತಾಂಶ ಭರವಸೆ ಮೂಡಿಸುವಂಥದೇ ಆದರೂ, ಕೆಟ್ಟ ನೀರು ಒಳಹೋಗುತ್ತಲೇ ಇರುವಾಗ ಹುಣಸೆಹುಳಿಯೊಂದರಿಂದಲೇ ಎಲುಬು ಉಳಿಯುವುದೆಂದು ಇದರಿಂದ ಹೇಳಲಾಗದು.

ನೀರನ್ನು ಶುದ್ಧಗೊಳಿಸುವ ವಿಧಾನಗಳಲ್ಲಿ, ನಾಗಪುರದ ರಾಷ್ಟ್ರೀಯ ಪರಿಸರ ತಾಂತ್ರಿಕ ಸಂಶೋಧನಾ ಸಂಸ್ಥೆಯು 1970ರ ದಶಕದಲ್ಲಿ ರೂಪಿಸಿದ ನಲಗೊಂಡ ವಿಧಾನವು ಪಟಿಕ ಮತ್ತು ಸುಣ್ಣ ಬೆರೆಸಿ ಫ್ಲೋರೈಡನ್ನು ಗಸಿಯಾಗಿ ಇಳಿಸುತ್ತದೆ. ಇಂದು ಹಳ್ಳಿಗಳಲ್ಲಿ ಕಾಣುವ ಶುದ್ಧ ಕುಡಿಯುವ ನೀರಿನ ಘಟಕಗಳು ಸಾಮಾನ್ಯವಾಗಿ ಸೂಕ್ಷ್ಮ ಪೊರೆಯ ಮೂಲಕ ನೀರನ್ನು ಒತ್ತಡದಿಂದ ಹಾಯಿಸುವ ಆರ್‌ಒ ಯಂತ್ರಗಳು. ಅವು ಫ್ಲೋರೈಡಿನ ಜೊತೆ ಎಲುಬಿಗೆ ಬೇಕಾದ ಕ್ಯಾಲ್ಸಿಯಮನ್ನೂ ತೆಗೆದುಹಾಕುವುದರಿಂದ ಹಾಲು, ರಾಗಿ, ಸೊಪ್ಪಿನಿಂದ ಅದನ್ನು ತುಂಬಿಕೊಳ್ಳಬೇಕಾಗುತ್ತದೆ.

ಆದರೆ ಘಟಕದಿಂದ ತಂದ ಕ್ಯಾನಿನ ನೀರು ಕುಡಿಯುವುದಕ್ಕೆ ಮಾತ್ರ ಸಾಕಾಗಿ, ಬೇಳೆ ಬೇಯಿಸಲು, ಚಹಾ ಕಾಸಲು, ರೊಟ್ಟಿಯ ಹಿಟ್ಟಿಗೆ ಎಸರಿಡಲು ಕೊಳವೆಬಾವಿಯ ನೀರೇ ಬಳಕೆಯಾಗುವ ಮನೆಗಳಲ್ಲಿ ಫ್ಲೋರೈಡ್ ಊಟದ ಮೂಲಕ ಒಳಸೇರುತ್ತಲೇ ಇರುತ್ತದೆ. ಕುದಿಸಿದರೆ ಆವಿಯಾಗುವುದು ನೀರೇ ಹೊರತು ಫ್ಲೋರೈಡಲ್ಲ. ಹೀಗಾಗಿ ಹೆಚ್ಚು ಕುದಿಸಿದಷ್ಟೂ ಉಳಿದ ನೀರಿನಲ್ಲಿ ಅದು ದಟ್ಟವಾಗುತ್ತದೆ. ನಾರಾಯಣಪುರ ಜಲಾಶಯದ ಕೃಷ್ಣಾ ನೀರನ್ನು ಕುಷ್ಟಗಿ ಮತ್ತು ಯಲಬುರ್ಗಾದ ಹಳ್ಳಿಗಳಿಗೆ ತರುವ ಬಹುಗ್ರಾಮ ಯೋಜನೆಯ ನಿಜವಾದ ಬೆಲೆ ಇರುವುದು ಅಡುಗೆಗೂ ಸಾಲುವಷ್ಟು ನೀರನ್ನು ಅದು ಕೊಡಬಲ್ಲುದು ಎಂಬುದರಲ್ಲಿ. ಆ ನೀರು ಎಲ್ಲರಿಗಿಂತ ಮೊದಲು ಸೇರಬೇಕಾದದ್ದು ಅಂಗನವಾಡಿಯ ಅಡುಗೆಮನೆಗೆ ಮತ್ತು ಚಿಕ್ಕ ಮಕ್ಕಳಿರುವ ಮನೆಗಳಿಗೆ, ಏಕೆಂದರೆ ಅವರ ಶಾಶ್ವತ ಹಲ್ಲುಗಳು ಇನ್ನೂ ಒಸಡಿನೊಳಗೆ ರೂಪುಗೊಳ್ಳುತ್ತಿವೆ.